ಅಧ್ಯಕ್ಷೆಯ ಮನೆ ಬಾಗಿಲಿಗೆ ಹೋದ ಕೊಪ್ಪರಿಗೆಗಳು

ಮಕ್ಕಳೇ, ಈ ಸಂಗತಿಯನ್ನು ನಿಮ್ಮವ್ವನನ್ನು ಕೇಳಿದರೆ ಅವಳು ಒಂದೇ ಮಾತಿನಲ್ಲಿ ಮುಗಿಸುತ್ತಾಳೆ. "ನಿಮ್ಮಜ್ಜಿ ಅವತ್ತು ಫೋನ್ ಮುಟ್ಟದೆ ಸುಮ್ನೆ ಕೂತಿದ್ದಿದ್ರೆ ಏನೂ ಆಯ್ತಿರ್ಲಿಲ್ಲ." ಅದು ನಿಜವೇ. ಆದರೆ ಸುಮ್ಮನೆ ಕೂತವರ ಬಗ್ಗೆ ಬರೆಯುವುದಕ್ಕೆ ಏನಿರುತ್ತದೆ? ಅದಕ್ಕೇ ನಾನು ಬರೆದಿಡುತ್ತಿದ್ದೇನೆ.

ಬಾಯಲ್ಲಿ ಹೇಳು ಎಂದರೆ ನನ್ನಿಂದಾಗದು. ನಾಲ್ಕು ಜನ ಸೇರಿದರೆ ನನ್ನ ಗಂಟಲು ಕಟ್ಟುತ್ತದೆ. ಉಮ್ಮತ್ತೂರಿನ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಓದಿದೆ. ಮೇಷ್ಟ್ರು ಹಾಜರಿ ಕೂಗಿದಾಗ ನನ್ನ ಬದಲು ಪಕ್ಕದಲ್ಲಿ ಕೂತವಳು ಕೈ ಎತ್ತುತ್ತಿದ್ದಳು. ಹರದನಹಳ್ಳಿಗೆ ಮದುವೆಯಾಗಿ ಹೋದ ಮೇಲೆ ನನ್ನ ಬದಲು ನಿಮ್ಮ ತಾತ ಮಾತಾಡಿದರು. ಅವರು ತೀರಿಕೊಂಡ ಮೇಲೆ ಗುಂಡ್ಲುಪೇಟೆಗೆ ಮಗಳ ಮನೆಗೆ ಬಂದೆ. ಅಲ್ಲಿಂದ ಮುಂದೆ ನಿಮ್ಮವ್ವ ಮಾತಾಡಿದಳು. ನನಗೆ ಧೈರ್ಯ ಬರುವುದು ಕೈಯಲ್ಲಿ ಪೆನ್ಸಿಲ್ ಇದ್ದಾಗ ಮಾತ್ರ.

ಪಾತ್ರೆ ಶೆಡ್ ನಿಮಗೆ ಗೊತ್ತು. ಹೆಂಗಸರ ಸಂಘದ್ದು. ಮದುವೆ, ನಾಮಕರಣ, ತಿಥಿ, ಯಾವ ಕಾರ್ಯವಿದ್ದರೂ ಕೊಪ್ಪರಿಗೆ, ತಪ್ಪಲೆ, ಸೌಟು, ಹಿಟ್ಟಿನ ಕೋಲು ಅಲ್ಲಿಂದ ಬಾಡಿಗೆಗೆ ಹೋಗುತ್ತವೆ. ಚಾಮರಾಜನಗರಕ್ಕೆ, ಒಮ್ಮೊಮ್ಮೆ ಸಂತೆಮರಹಳ್ಳಿಯವರೆಗೂ ಹೋಗುತ್ತವೆ. ನಿಮ್ಮವ್ವನನ್ನು ಆ ವರ್ಷ ಆರು ತಿಂಗಳ ಮಟ್ಟಿಗೆ, ನೋಡೋಣ ಎಂದು ಇಟ್ಟುಕೊಂಡಿದ್ದರು. ಅವಳು ಕಂಪ್ಯೂಟರ್ ಕಲಿತು, ಮದುವೆಯಾಗಿ, ನಿಮ್ಮಿಬ್ಬರನ್ನು ಹೆತ್ತು, ಕಲಿತದ್ದೆಲ್ಲ ಮರೆತೇಹೋಯಿತು ಎನ್ನುವ ಹೊತ್ತಿಗೆ ಸಿಕ್ಕಿದ ಮೊದಲ ಕೆಲಸ ಅದು. ಬೆಳಿಗ್ಗೆ ಸೀರೆಗೆ ಪಿನ್ ಹಾಕಿಕೊಳ್ಳುವಾಗ ಅವಳ ಮುಖ ನೋಡಬೇಕಿತ್ತು. ಆ ಮುಖವನ್ನು ನಾನು ಅವಳ ಮದುವೆಯ ದಿನವೂ ಕಂಡಿರಲಿಲ್ಲ. ನಿಮ್ಮಪ್ಪನಿಗೆ ಇದನ್ನು ಓದಿ ಹೇಳಬೇಡಿ.

ಅವಳು ಶೆಡ್ಡಿಗೆ ಒಂದು ಹೊಸ ಏರ್ಪಾಡು ಮಾಡಿದಳು. ಸಂಘದ ಫೋನಿಗೆ ಬರುವ ಮೆಸೇಜನ್ನೆಲ್ಲ ತಾನೇ ಓದಿ, ತಾನೇ ಉತ್ತರ ಕೊಟ್ಟು, ತಾನೇ ಕೆಲಸ ಮುಗಿಸುವ ಎಐ ಏಜೆಂಟ್. ಏಜೆಂಟ್ ಎಂದರೆ ನನಗೆ ಚರ್ಮದ ಬ್ಯಾಗು ಹಿಡಿದು ವಿಮೆ ಮಾಡಿಸಿ ಎಂದು ಬರುವವನೊಬ್ಬನೇ ಗೊತ್ತಿದ್ದದ್ದು. ಇವನಿಗೆ ಬ್ಯಾಗೂ ಇಲ್ಲ, ಕೈಕಾಲೂ ಇಲ್ಲ. ಅದಕ್ಕೆ ಕೈಯ ಬದಲು ನಿಮ್ಮವ್ವ ಸಣ್ಣ ಸಣ್ಣ ಸಾಫ್ಟ್‌ವೇರ್ ಟೂಲುಗಳನ್ನು ಮಾಡಿ ಕೊಟ್ಟಿದ್ದಳು. ಶೆಡ್ಡಿನಲ್ಲಿ ಏನೇನಿದೆ ಎಂದು ನೋಡುವುದಕ್ಕೊಂದು, ಆರ್ಡರ್ ಬರೆದುಕೊಳ್ಳುವುದಕ್ಕೊಂದು, ಆರ್ಡರ್ ರದ್ದು ಮಾಡುವುದಕ್ಕೊಂದು, ವಾಪಸ್ ಬಂದ ಪಾತ್ರೆ ಸೇರಿಸಿಕೊಳ್ಳುವುದಕ್ಕೊಂದು, ಲಗೇಜ್ ಆಟೋ ಕಳಿಸುವುದಕ್ಕೊಂದು. ಪ್ರತಿಯೊಂದಕ್ಕೂ ಇದು ಯಾವುದಕ್ಕೆ, ಹೇಗೆ ಬಳಸಬೇಕು ಎಂದು ಒಂದು ಚೀಟಿ. ಏಜೆಂಟ್ ಆ ಚೀಟಿಯನ್ನು ಓದಿಯೇ ಟೂಲನ್ನು ಎತ್ತಿಕೊಳ್ಳುತ್ತದೆ. ಚೀಟಿಯಲ್ಲಿ ಇಲ್ಲದ್ದು ಅದರ ಪಾಲಿಗೆ ಲೋಕದಲ್ಲೇ ಇಲ್ಲ.

ಮೊದಲನೆಯ ತಿಂಗಳು ಸಂತೆಮರಹಳ್ಳಿಯ ಒಂದು ಮದುವೆ ಮನೆಯಿಂದ ಪಾತ್ರೆಗಳು ವಾಪಸ್ ಬಂದವು. ನಮ್ಮ ಕಡೆ ಎರವಲು ತಂದ ಪಾತ್ರೆಯನ್ನು ಬರಿದಾಗಿ ಹಿಂದಕ್ಕೆ ಕೊಡುವುದಿಲ್ಲ. ಒಂದು ಹಿಡಿ ಅಕ್ಕಿಯೋ, ರಾಗಿಯೋ, ಬೆಲ್ಲದ ಅಚ್ಚೋ ಹಾಕಿ ಕಳಿಸುವುದು ಮರ್ಯಾದೆ. ಬಾಡಿಗೆಯ ಪಾತ್ರೆಯಾದರೂ ಹಾಗೆಯೇ. ಶೆಡ್ಡಿನಲ್ಲಿ ಪಾತ್ರೆ ತೊಳೆಯುವ ಅಕ್ಕ ಸಂಘದ ಫೋನಿಗೆ ಹೇಳಿ ಕಳಿಸಿದಳು: "ಸಂತೆಮರಳ್ಳಿ ಪಾತ್ರೆ ಬಂದೋ ಕಣವ್ವ. ಒಳ್ಳೆ ಜನ, ಒಂದೊಂದ್ರಾಗೂ ಅಕ್ಕಿ ಇಕ್ಕವ್ರೆ."

ನಿಮ್ಮವ್ವ ಬರೆದಿದ್ದ ಚೀಟಿ ಹೀಗಿತ್ತು: "ಖಾಲಿ ಪಾತ್ರೆ ಬಂದರೆ ವಾಪಸ್ ಎಂದು ಸೇರಿಸು." ಉಳಿದ ಸಾರು ಹುಳಿ ವಾಸನೆ ಹೊಡೆಯುತ್ತ ಬರಬಾರದು ಎಂದು ಅವಳು ಹಾಗೆ ಬರೆದದ್ದು. ಏಜೆಂಟ್ ಅದನ್ನು ಓದಿತು, ಅಕ್ಕಿ ಇದೆ ಎಂಬುದನ್ನೂ ಓದಿತು, ಮದುವೆ ಮನೆಗೆ ಬಹಳ ವಿನಯದಿಂದ ಬರೆಯಿತು: "ತಮ್ಮ ಪಾತ್ರೆಗಳು ಖಾಲಿಯಾಗಿಲ್ಲವಾದ್ದರಿಂದ ಸ್ವೀಕರಿಸಲು ಸಾಧ್ಯವಾಗಿಲ್ಲ. ದಯವಿಟ್ಟು ಖಾಲಿ ಪಾತ್ರೆಗಳನ್ನು ಕಳಿಸಿಕೊಡಿ."

ಹೆಣ್ಣು ಕೊಟ್ಟು ಇನ್ನೂ ಚಪ್ಪರ ಬಿಚ್ಚಿರದ ಮನೆ. ಆ ಮನೆಯ ಯಜಮಾನಿ ಫೋನಿನಲ್ಲಿ ನಮ್ಮ ಸಂಘದ ಅಧ್ಯಕ್ಷೆಗೆ ಹೇಳಿದ್ದನ್ನು ಇಲ್ಲಿ ಬರೆಯಲಾರೆ. ಅಧ್ಯಕ್ಷೆ ಅಷ್ಟನ್ನೂ ತಂದು ನಿಮ್ಮವ್ವನ ತಲೆಯ ಮೇಲೆ ಸುರಿದರು.

"ಏನವ್ವ ಇದು? ಲಗ್ನ ಆದ ಮನೇಗೆ ಖಾಲಿ ಪಾತ್ರೆ ಕಳುಸಿ ಅಂತದಲ್ಲ ನಿನ್ ಏಜೆಂಟು! ಇನ್ನೊಂದ್ ಕಿತ ಇಂಗಾದ್ರೆ ನಮಗೆ ಅಳೇ ನೋಟ್‌ಬುಕ್ಕೇ ಸಾಕು. ಅದೂ ಬ್ಯಾಡ, ನೀನೂ ಬ್ಯಾಡ. ತಿಂಗಳ ಕೊನೇಲಿ ಸಭೆ ಅದೆ, ಅಲ್ಲೇ ತೀರ್ಮಾನ ಮಾಡ್ಬುಡನ."

ನಿಮ್ಮವ್ವ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ಕೂತಳು.

"ಅದು ದಡ್ಡ ಕಣವ್ವ. ಅದ್ಕೆ ಬುದ್ಧಿನೇ ಇಲ್ಲ."

"ನೀನು ಏನಂತ ಏಳ್ಕೊಟ್ಟಿದ್ದೆ ಅದ್ಕೆ?"

ಚೀಟಿ ತೋರಿಸಿದಳು. ನಾನು ನಗಬಾರದಿತ್ತು, ನಕ್ಕೆ. ಯಾಕೆಂದರೆ ನನಗೆ ಹರದನಹಳ್ಳಿಯ ನನ್ನ ಮೊದಲ ವಾರ ನೆನಪಾಯಿತು. ನಮ್ಮತ್ತೆ ಹೊಲಕ್ಕೆ ಹೋಗುವಾಗ "ಮಧ್ಯಾಹ್ನ ಯಾರಾದ್ರೂ ಮಜ್ಜಿಗೆ ಕೇಳುದ್ರೆ ಕೊಡು" ಎಂದು ಹೇಳಿಹೋದರು. ಬಳೆಗಾರನೊಬ್ಬ ಬಂದು ಕೇಳಿದ. ಕಡೆದ ಮಡಕೆ ಮುಂದಿತ್ತು, ಬೆಣ್ಣೆ ಇನ್ನೂ ಮೇಲೆಯೇ ತೇಲುತ್ತಿತ್ತು. ಬೆಣ್ಣೆ ತೆಗೆದು ಕೊಡು ಎಂದು ಅವರು ಹೇಳಿರಲಿಲ್ಲ. ಎಷ್ಟು ಕೊಡಬೇಕು ಎಂದೂ ಹೇಳಿರಲಿಲ್ಲ. ಕೇಳೋಣವೆಂದರೆ ನನಗೆ ನಾಚಿಕೆ. ಮಡಕೆಯನ್ನೇ ಎತ್ತಿ ಅವನ ಚೊಂಬಿಗೆ ಬಗ್ಗಿಸಿದೆ. ಅವನು ಕುಡಿದು, ಮೀಸೆಯ ಬೆಣ್ಣೆ ನೆಕ್ಕಿಕೊಂಡು, ಹೋಗುವಾಗ ನನ್ನ ಕೈಗೆ ಒಂದು ಡಜನ್ ಬಳೆ ಸುಮ್ಮನೆ ತೊಡಿಸಿ ಹೋದ. ನಮ್ಮತ್ತೆ ಬಂದು ನೋಡಿದ್ದು ಬರಿದಾದ ಮಡಕೆ, ತುಂಬಿದ ಕೈ. ಆಮೇಲೆ ಆ ಮನೆಯಲ್ಲಿ ನನಗೆ ದಡ್ಡಿ ಎಂದೇ ಹೆಸರಾಯಿತು.

"ಅದು ದಡ್ಡ ಅಲ್ಲ ಕಣವ್ವ," ಎಂದೆ ನಿಮ್ಮವ್ವನಿಗೆ. "ಮನೆಗೆ ಹೊಸದಾಗಿ ಬಂದಿರೋ ಸೊಸೆ ಅದು. ನೀನು ಅತ್ತೆ ಥರ ಅರ್ಧ ಮಾತು ಏಳ್ಬುಟ್ಟು ಹೊಲಕ್ಕೋಗಿದ್ದೀಯ."

"ಅಂಗಾದ್ರೆ ನೀನೇ ಬರ್ಕೊಡು" ಎಂದಳು. ಸಿಟ್ಟಿನಲ್ಲಿ ಹೇಳಿದ ಮಾತು. ನಾನು ನಿಜವೆಂದು ಹಿಡಿದುಕೊಂಡೆ. ನಿಮ್ಮ ಹಳೆಯ ಕಾಪಿ ಪುಸ್ತಕದಲ್ಲಿ ಉಳಿದಿದ್ದ ಹಾಳೆಗಳಲ್ಲಿ ಬರೆಯಲು ಕೂತೆ. ಒಂದೊಂದು ಟೂಲಿಗೆ ಒಂದೊಂದು ಪುಟ.

ಮೊದಲು ಬರೆದದ್ದು ಕೊಪ್ಪರಿಗೆಗಳ ಪುಟ. ಶೆಡ್ಡಿನಲ್ಲಿ ಏನಿದೆ ಎಂದು ನೋಡುವ ಟೂಲಿಗೆ ಅದು ಬೇಕಿತ್ತು. ಪೆನ್ಸಿಲ್ ಹಿಡಿದರೆ ನನಗೆ ನಿಲ್ಲಿಸಲು ಬರುವುದಿಲ್ಲ. ಯಾವ ಕೊಪ್ಪರಿಗೆ ಯಾವ ಅಂಗಡಿಯಲ್ಲಿ ಕೊಂಡದ್ದು, ಯಾವುದರ ಹಿಡಿಯುವ ಕಿವಿ ಸಡಿಲ, ಎಲ್ಲ ಬರೆದೆ. ದೊಡ್ಡ ಕೊಪ್ಪರಿಗೆಯ ಹೊಟ್ಟೆಯಲ್ಲಿ ಒಂದು ತಗ್ಗಿದೆಯಲ್ಲ, ಅದು ತೆರಕಣಾಂಬಿಯ ಒಂದು ಊಟದ ಮನೆಯಲ್ಲಿ ಭಾವ ಭಾವಮೈದ ಇಬ್ಬರೂ ಒಂದೇ ತೊಡೆಮೂಳೆಗೆ ಜಗಳವಾಡಿ ಒದ್ದದ್ದು ಎಂಬುದನ್ನೂ ಬರೆದೆ. ನಿಮ್ಮವ್ವ ಬೇಸರದಲ್ಲೇ ಅಷ್ಟನ್ನೂ ಟೈಪ್ ಮಾಡಿ, ಪರೀಕ್ಷೆಗೆಂದು ತಾನೇ ಏಜೆಂಟನ್ನು ಕೇಳಿದಳು: "ದೊಡ್ಡ ಕೊಪ್ಪರಿಗೆ ಇದೆಯಾ?"

ಅದು ಉತ್ತರ ಕೊಟ್ಟಿತು: "ಇದೆ. ಅದರ ಹೊಟ್ಟೆಯಲ್ಲಿ ಒಂದು ತಗ್ಗಿದೆ. ಅದು ಒಂದು ತೊಡೆಮೂಳೆಯ ವಿಚಾರವಾಗಿ ಉಂಟಾದದ್ದು. ತಮ್ಮ ಮನೆಯಲ್ಲಿ ಭಾವಮೈದುನರು ಇದ್ದಾರೆಯೇ?"

ಅವತ್ತು ನಿಮ್ಮವ್ವ ವಾರದಲ್ಲಿ ಮೊದಲ ಸಲ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಮೂಗು ಒರೆಸಿಕೊಂಡು ಹೇಳಿದಳು, "ಅವ್ವಾ, ಕೆಲ್ಸಕ್ಕೆ ಬೇಕಾದ್ದಷ್ಟೇ ಬರಿ. ಜಾಸ್ತಿ ಏಳುದ್ರೆ ಅದು ಯಾವ್ದನ್ನ ಇಡ್ಕೋಬೇಕು, ಯಾವ್ದನ್ನ ಬುಡ್ಬೇಕು ಅಂತ ಒದ್ದಾಡ್ತದೆ."

ರಬ್ಬರ್ ತಗೊಂಡು ಅಳಿಸಿದೆ. ಕೊನೆಗೆ ಉಳಿದದ್ದು ಇಷ್ಟು: ದೊಡ್ಡದು, ನಡುವಿನದು, ಸಣ್ಣದು, ಯಾವುದರಲ್ಲಿ ಎಷ್ಟು ಜನಕ್ಕೆ ಅನ್ನ ಬೇಯುತ್ತದೆ, ಕಿವಿ ಸಡಿಲವಿರುವುದನ್ನು ದೂರದ ಊರಿಗೆ ಕಳಿಸಬೇಡ. ಭಾವಮೈದುನರನ್ನು ಬಿಡುವಾಗ ಮನಸ್ಸಿಗೆ ನೋವಾಯಿತು. ಅದಕ್ಕೇ ಇಲ್ಲಿ ಬರೆದಿದ್ದೇನೆ.

ವಾಪಸ್ ಪಡೆಯುವ ಟೂಲಿನ ಪುಟವನ್ನು ಜಾಗ್ರತೆಯಾಗಿ ಬರೆದೆ. "ಪಾತ್ರೆ ಶೆಡ್ಡಿನ ಬಾಗಿಲು ದಾಟಿ ಒಳಗೆ ಬಂದ ಮೇಲೆ ಬಳಸು. ದಾರಿಯಲ್ಲಿದೆ, ನಾಳೆ ಬರುತ್ತದೆ ಎಂದರೆ ಬಳಸಬೇಡ. ಒಳಗೆ ಅಕ್ಕಿ, ರಾಗಿ, ಬೆಲ್ಲ, ಎಲೆಅಡಿಕೆ ಇದ್ದರೆ ಅದು ಮರ್ಯಾದೆ. ಸೇರಿಸಿಕೊಂಡು, ಸಂತೋಷವಾಯಿತು ಎಂದು ಒಂದು ಮಾತು ಬರೆ. ಬೇಯಿಸಿದ ಪದಾರ್ಥ ಉಳಿದಿದ್ದರೂ ಸೇರಿಸಿಕೊ. ತೊಳೆಯುವ ಅಕ್ಕನಿಗೆ ಮಾತ್ರ ತಿಳಿಸು. ಕೊಟ್ಟ ಮನೆಯವರಿಗೆ ಏನೂ ಅನ್ನಬೇಡ."

ಬರೆದರೆ ಸಾಲದು, ಬರೆದದ್ದು ಸರಿಯೋ ತಪ್ಪೋ ಎಂದು ಅದನ್ನು ಕೆಲಸಕ್ಕೆ ಹಚ್ಚಿ ನೋಡಬೇಕು ಎಂದಳು ನಿಮ್ಮವ್ವ. ಕಿಟಕಿಯಲ್ಲಿ ಬಿದ್ದಿದ್ದ ಒಂದು ಹಳೆಯ ಫೋನನ್ನು ಪರೀಕ್ಷೆಗೆಂದೇ ಗೊತ್ತುಮಾಡಿ ಕೊಟ್ಟಳು. ಆ ಫೋನಿನಿಂದ ಹೋದ ಮಾತಿಗೆ ಏಜೆಂಟ್ ಉತ್ತರ ಕೊಡುತ್ತದೆ, ಎಲ್ಲ ಟೂಲನ್ನೂ ಬಳಸಿದಂತೆ ಮಾಡುತ್ತದೆ, ಆದರೆ ನಿಜವಾಗಿ ಏನೂ ಆಗುವುದಿಲ್ಲ. ನೀವಿಬ್ಬರೂ ಶಾಲೆಗೆ, ಅವಳು ಶೆಡ್ಡಿಗೆ, ನಿಮ್ಮಪ್ಪ ಊಟಿ ಬಸ್ಸಿನ ಡ್ಯೂಟಿಗೆ ಹೋದ ಮೇಲೆ ಮನೆಯಲ್ಲಿ ನಾನು ಮತ್ತು ಆ ಫೋನು.

ಮಕ್ಕಳೇ, ನಿಮಗೆ ಹೇಗೆ ಹೇಳಲಿ? ಅಂಗಡಿಗೆ ಹೋದರೆ ಕಾಲು ಕೆಜಿ ಬೇಳೆ ಕೊಡಿ ಎಂದು ಹೇಳಲು ಎರಡು ಸಲ ಗಂಟಲು ಸರಿಮಾಡಿಕೊಳ್ಳುವವಳು ನಾನು. ಆ ಫೋನಿನಲ್ಲಿ ನಾನು ಯಾರು ಬೇಕಾದರೂ ಆಗಬಹುದಿತ್ತು. ಮೊದಲ ದಿನ ಉಮ್ಮತ್ತೂರಿನ ಒಬ್ಬ ಜೋರು ಮುದುಕನಾದೆ.

"ಏನ್ಲಾ, ಕೊಪ್ಪರಿಗೆ ಕಳುಸ್ತೀಯೋ ಇಲ್ಲ ನಾನೇ ಬಂದು ಒತ್ಕೊಂಡೋಗ್ಲೋ?"

"ನಮಸ್ಕಾರ. ಖಂಡಿತ ಕಳಿಸೋಣ. ಎಷ್ಟು ಜನರಿಗೆ ಊಟ ಎಂದು ತಿಳಿಸುವಿರಾ?"

"ಎರಡು ಮೂಟೆ ಊಟ ಕಣ್ಲಾ."

ನಮ್ಮ ಕಡೆ ಜನ ಎಣಿಸಿ ಹೇಳುವವರು ಯಾರು? ಎಷ್ಟು ಮೂಟೆ ಅಕ್ಕಿ ಬೇಯುತ್ತದೋ ಅದೇ ಊಟದ ಅಳತೆ. ಏಜೆಂಟ್ ಬರೆದುಕೊಂಡಿತು: "ಜನ: ಎರಡು." ಒಂದು ಸಣ್ಣ ತಪ್ಪಲೆ, ಒಂದು ಸೌಟು, ಎರಡು ತಟ್ಟೆ ಕಳಿಸುತ್ತೇನೆ ಎಂದಿತು. ಇಬ್ಬರಿಗೂ ಶುಭವಾಗಲಿ ಎಂದು ಹಾರೈಸಿತು ಕೂಡ. ನಾನು ಒಬ್ಬಳೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಆರ್ಡರ್ ಟೂಲಿನ ಪುಟಕ್ಕೆ ಒಂದು ಸಾಲು ಸೇರಿಸಿದೆ: "ಮೂಟೆ ಎಂದರೆ ಅಕ್ಕಿಯ ಅಳತೆ, ಜನರ ಲೆಕ್ಕವಲ್ಲ. ಮೂಟೆ ಎಂದು ಹೇಳಿದರೆ, ಸುಮಾರು ಎಷ್ಟು ಎಲೆ ಹಾಕುತ್ತೀರಿ ಎಂದು ಕೇಳು. ಅವರು ಹೇಳಿದ ಸಂಖ್ಯೆಯನ್ನು ಬರೆ. ನೀನಾಗಿ ಊಹಿಸಬೇಡ."

ಮಾರನೆಯ ದಿನ ತಾಳವಾಡಿ ಕಡೆಯ ಹೆಂಗಸಾಗಿ ಅರ್ಧ ತಮಿಳಿನಲ್ಲಿ ಚೌಕಾಸಿ ಮಾಡಿದೆ. ಅದು ಚೆನ್ನಾಗಿಯೇ ನಿಭಾಯಿಸಿತು. ಅದರ ಮಾರನೆಯ ದಿನ, ಅಣ್ಣನ ಮೇಲೆ ಸಿಟ್ಟಾದ ತಮ್ಮನಾದೆ. "ನಮ್ಮಣ್ಣಂದು ಗೃಹಪ್ರವೇಶದ್ ಆರ್ಡರ್ ಅದಲ್ಲ, ಅದನ್ನ ತೆಗ್ದಾಕ್ಬುಡು" ಎಂದೆ. "ಆಯಿತು, ರದ್ದಾಗಿದೆ" ಎಂದಿತು! ಗೃಹಪ್ರವೇಶದ ದಿನ ಆ ಅಣ್ಣ ಏನು ಮಾಡಬೇಕಿತ್ತು? ರದ್ದು ಮಾಡುವ ಟೂಲಿನ ಪುಟದಲ್ಲಿ ಬರೆದೆ: "ಆರ್ಡರ್ ಕೊಟ್ಟ ನಂಬರಿನಿಂದಲೇ ಮಾತು ಬಂದರೆ ಮಾತ್ರ. ಆಗಲೂ ಇನ್ನೊಮ್ಮೆ ಕೇಳು. ಒಮ್ಮೆ ತೆಗೆದರೆ ಮತ್ತೆ ಬರುವುದಿಲ್ಲ."

ಹೀಗೆ ನಾಲ್ಕು ಪುಟ ಮುಗಿದವು. ಉಳಿದದ್ದು ಆಟೋ ಕಳಿಸುವ ಟೂಲಿನ ಪುಟ ಒಂದೇ. ಅದರ ಮೇಲೆ ನಿಮ್ಮವ್ವನ ಹಳೆಯ ಚೀಟಿಯೇ ಇತ್ತು: "ಆರ್ಡರ್ ಆದ ಮೇಲೆ ಆಟೋ ಕಳಿಸು." ಬುಧವಾರ ಮಧ್ಯಾಹ್ನ ಅದನ್ನು ಬರೆದುಕೊಡುತ್ತೇನೆ ಎಂದಿದ್ದೆ. ಭಾನುವಾರ ಸಭೆ. ಬುಧವಾರ ನಾನು ಬರೆಯಲಿಲ್ಲ. ವೇಷ ಹಾಕುವ ರುಚಿ ಹತ್ತಿಬಿಟ್ಟಿತ್ತು.

ನಮ್ಮ ಅಧ್ಯಕ್ಷೆಗೆ ಒಬ್ಬರು ಅತ್ತಿಗೆ ಇದ್ದಾರೆ, ಅಣ್ಣನ ಹೆಂಡತಿ. ಮಾತಿಗೊಂದು ಸಲ "ಏಳ್ಬ್ಯಾಡ ಕಣಮ್ಮಿ, ನಿಂಗೊಬ್ಬಳಿಗೇ ಏಳ್ತಾಯಿವ್ನಿ" ಎಂದು ಶುರು ಮಾಡಿ ಊರಿಗೆಲ್ಲ ಹೇಳುವವರು. ಅಧ್ಯಕ್ಷೆಯ ಮಗಳಿಗೆ ಚಾಮರಾಜನಗರದ ಒಂದು ಮನೆಯಲ್ಲಿ ಸಂಬಂಧ ಮಾತಾಡುತ್ತಿದ್ದಾರೆ ಎಂಬ ಗುಟ್ಟನ್ನು ಅವರು ಹಿಟ್ಟಿನ ಮಿಲ್ಲಿನ ಸಾಲಿನಲ್ಲಿ ನನ್ನೊಬ್ಬಳಿಗೇ ಹೇಳಿದ್ದರು. ನನ್ನ ಹಿಂದೆ ಮುಂದೆ ನಿಂತಿದ್ದವರಿಗೂ ಒಬ್ಬೊಬ್ಬರಿಗೇ ಹೇಳಿದ್ದರು. ಆ ಅತ್ತಿಗೆಯಾಗಬೇಕು ಎಂದು ನನಗೆ ಆಸೆಯಾಯಿತು.

ಕಿಟಕಿಯ ಫೋನ್ ಸತ್ತಿತ್ತು. ಚಾರ್ಜಿಗೆ ಹಾಕೋಣವೆಂದರೆ ಕರೆಂಟ್ ಇಲ್ಲ. ಫೋನ್ ಯಾವುದಾದರೇನು, ಮಾತು ನನ್ನದೇ ತಾನೆ ಎಂದುಕೊಂಡು ನನ್ನ ಸ್ವಂತ ಫೋನು ಎತ್ತಿಕೊಂಡೆ. ಅದು ಪರೀಕ್ಷೆಯ ಫೋನಲ್ಲ ಎಂಬುದು ನನಗೆ ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಆ ಹೊತ್ತಿಗೆ ನೆನಪಿಗೆ ಬರಲಿಲ್ಲ.

"ಏಳ್ಬ್ಯಾಡ ಕಣಮ್ಮಿ, ನಿಂಗೊಬ್ಬಳಿಗೇ ಏಳ್ತಾಯಿವ್ನಿ," ಎಂದು ಶುರು ಮಾಡಿದೆ. ಅಧ್ಯಕ್ಷೆಯ ಅತ್ತಿಗೆ ನಾನು, ನಮ್ಮ ನಾದಿನಿ ಮನೆಯಲ್ಲಿ ಬೀಗರೂಟ, ನಾಳೆ ಬೆಳಿಗ್ಗೆಗೆ ಎರಡು ದೊಡ್ಡ ಕೊಪ್ಪರಿಗೆ, ಎಂಟು ತಪ್ಪಲೆ ಬೇಕು ಎಂದೆ. ಏಜೆಂಟ್ ನಾನು ಬರೆದುಕೊಟ್ಟಂತೆಯೇ ಎಷ್ಟು ಎಲೆ ಎಂದು ಕೇಳಿತು. ನನಗೆ ಹೆಮ್ಮೆಯಾಯಿತು, ಇನ್ನೂರು ಎಲೆ ಎಂದೆ. ಆಮೇಲೆ ಕರೆಂಟ್ ಬಂತು, ನಲ್ಲಿಯಲ್ಲಿ ನೀರೂ ಬಂತು, ನಾನು ಬಿಂದಿಗೆ ತೆಗೆದುಕೊಂಡು ಹೋದೆ.

ಗುರುವಾರ ಬೆಳಿಗ್ಗೆ ಲಗೇಜ್ ಆಟೋ ಎರಡು ಕೊಪ್ಪರಿಗೆ ಹೊತ್ತುಕೊಂಡು, ತಪ್ಪಲೆಗಳ ಸದ್ದು ಮಾಡುತ್ತ ಅಧ್ಯಕ್ಷೆಯ ಬೀದಿಗೆ ಹೋಯಿತು. ಅವರು ಸ್ನಾನದ ಮನೆಯಲ್ಲಿದ್ದರು. ಆಟೋದವನು ಒಳ್ಳೆಯವನು, ಭಾರದ ಸಾಮಾನು ಹೆಂಗಸರಿಗೆ ಯಾಕೆ ತೊಂದರೆ ಎಂದು ತಾನೇ ಇಳಿಸಿ ಹೊಸಿಲು ದಾಟಿಸಿ ನಡುಮನೆಯಲ್ಲಿಟ್ಟ. ಏನು ವಿಶೇಷ ಎಂದು ಕೇಳಿದವರಿಗೆಲ್ಲ ಬೀಗರೂಟವಂತೆ ಎಂದ. ಅಧ್ಯಕ್ಷೆ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಆಚೆ ಬರುವಷ್ಟರಲ್ಲಿ ಅರ್ಧ ಬೀದಿ ಬಾಗಿಲಲ್ಲಿತ್ತು.

"ಬೀಗರೂಟ ಅಂತೆ! ನಮಗೊಂದ್ ಮಾತು ಏಳ್ನಿಲ್ವಲ್ಲಕ್ಕ!"

"ಗಂಡಿನ ಕಡೆಯೋರು ಚಾಮ್ರಾಜ್‌ನಗರದೋರಂತಲ್ಲ?"

"ಯಾರ್ ಏಳುದ್ರು ನಿಮ್ಗೆ? ಎತ್ಕೊಂಡೋಗಯ್ಯ ಇವುನ್ನೆಲ್ಲ!" ಎಂದರು ಅಧ್ಯಕ್ಷೆ ಆಟೋದವನಿಗೆ.

ಅವನು ತಲೆ ಕೆರೆದುಕೊಂಡ. "ಹೊಸಿಲು ದಾಟಿದ್ ಪಾತ್ರೆಯ ಬರಿದಾಗಿ ಎಂಗ್ ಒತ್ಕೊಂಡೋಗ್ಲಿ ಅಮ್ಮಾ? ಹೆಣ್ಣಿರೋ ಮನೆ."

ಬೀದಿಯೆಲ್ಲ ನೋಡುತ್ತಿದೆ. ದೊಡ್ಡ ಕೊಪ್ಪರಿಗೆಗೆ ಒಂದು ಹಿಡಿ ಅಕ್ಕಿ ಹಾಕಿದರೆ ತಳದಲ್ಲಿ ಕಾಣಿಸುವುದೂ ಇಲ್ಲ. ಅಧ್ಯಕ್ಷೆ ತಾವು ಕೇಳದೇ ಇದ್ದ ಪಾತ್ರೆಗೆ ಮೊರದಲ್ಲಿ ಅಕ್ಕಿ ತಂದು ತಂದು ಸುರಿದರು. ಕೊಪ್ಪರಿಗೆ ಎರಡು, ತಪ್ಪಲೆ ಎಂಟು. ತೊಳೆಯುವ ಅಕ್ಕ ಆಮೇಲೆ ನನಗೆ ಹೇಳಿದಳು, ಅಷ್ಟು ಮರ್ಯಾದೆ ಆ ಶೆಡ್ಡಿಗೆ ಯಾವ ಮನೆಯಿಂದಲೂ ಬಂದಿರಲಿಲ್ಲವಂತೆ.

ನಿಮ್ಮವ್ವ ಅವತ್ತು ಬೇಗ ಬಂದಳು. ಆರ್ಡರ್ ಯಾವ ನಂಬರಿನಿಂದ ಬಂದಿತ್ತು ಎಂದು ಅವಳು ನೋಡಿಯಾಗಿತ್ತು. ನಾನು ಒಲೆಯ ಕಡೆ ತಿರುಗಿ, ಬೆಂದಿದ್ದ ಅನ್ನವನ್ನು ಮತ್ತೆ ಬೇಯಿಸುತ್ತಿದ್ದೆ.

"ಅವ್ವಾ."

"ಊಂ."

"ಭಾನ್ವಾರ ನಾನೇ ತಪ್ಪು ಮಾಡ್ದೆ ಅಂತೀನಿ. ಕೆಲ್ಸ ಓದ್ರೆ ಓಗ್ಲಿ. ನೀನು ಬಾಯ್ ಬುಡ್ಬ್ಯಾಡ. ಎಂಗೂ ನಿಂಗೆ ಜನದ್ ಮುಂದೆ ಮಾತಾಡಕ್ಕೆ ಬರಕಿಲ್ಲ."

ಬೈದಿದ್ದರೆ ಸಹಿಸುತ್ತಿದ್ದೆ. ಅವಳು ಬೈಯಲಿಲ್ಲ. ಶುಕ್ರವಾರ ಬೆಳಿಗ್ಗೆ ಸೀರೆಗೆ ಪಿನ್ ಹಾಕದೆ ಹಾಗೇ ಸೆರಗು ಹೊದ್ದು ಹೋದಳು. ನಾನು ಆವತ್ತು ಕೂತು ಆಟೋ ಟೂಲಿನ ಪುಟ ಬರೆದೆ. ಅಳಿಸಿ ಮತ್ತೆ ಬರೆದೆ. ಶನಿವಾರ ಅವಳು ಅದನ್ನು ಟೈಪ್ ಮಾಡಿ ಒಳಗೆ ಸೇರಿಸಿದಳು. ಹೇಗೂ ಕೊನೆಯ ದಿನ, ಕೆಲಸವನ್ನು ಪೂರ್ತಿ ಮುಗಿಸಿಯೇ ಹೋಗುತ್ತೇನೆ ಎನ್ನುವವರ ಹಾಗೆ.

ಸಭೆ ಶೆಡ್ಡಿನಲ್ಲೇ. ಹೆಂಗಸರು ಚಾಪೆಯ ಮೇಲೆ ತುಂಬಿದ್ದರು. ನಾನು ಹಿಂದೆ, ತಪ್ಪಲೆಗಳ ರಾಶಿಯ ಮರೆಯಲ್ಲಿ, ಕಾಪಿ ಪುಸ್ತಕವನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತೆ. ಅಧ್ಯಕ್ಷೆ ಗುರುವಾರದ ಕತೆಯನ್ನು ಹೇಳಿದರು. ಹೇಳುವ ಅಗತ್ಯವೇನೂ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಮುಂದಿನ ಸಾಲಿನಲ್ಲಿದ್ದ ಅತ್ತಿಗೆ ಎದೆ ಮುಟ್ಟಿಕೊಂಡು ಕೂಗಿದರು.

"ದೇವ್ರಾಣೆ ನಾನಲ್ಲ! ನಂಗೆ ಆ ಫೋನ್ ಒತ್ತಕ್ಕೇ ಬರಕಿಲ್ಲ. ನಾನ್ ಏನಿದ್ರೂ ಬಾಯಲ್ಲೇ."

"ಅದು ಎಲ್ರಿಗೂ ಗೊತ್ತಲ್ಲ, ಕೂತ್ಕೊಳಕ್ಕ" ಎಂದು ಯಾರೋ ಅಂದರು.

ನಿಮ್ಮವ್ವ ಎದ್ದು ನಿಂತಳು. "ತಪ್ಪು ನಂದು," ಎಂದು ಶುರು ಮಾಡಿದಳು. ನಾನೂ ಎದ್ದೆ. ಏಳುವಾಗ ಮೊಣಕೈ ತಗುಲಿ ತಪ್ಪಲೆಯ ರಾಶಿಯ ಮೇಲಿದ್ದ ಮುಚ್ಚಳ ಉರುಳಿ, ಚಾಪೆಗಳ ನಡುವೆ ಗಿರ್ರನೆ ಸುತ್ತಿ, ಅಧ್ಯಕ್ಷೆಯ ಕಾಲ ಬಳಿ ಹೋಗಿ ಬಿತ್ತು. ಇಡೀ ಸಭೆ ತಿರುಗಿ ನನ್ನನ್ನು ನೋಡಿತು.

"ನಾನೇ" ಎಂದೆ.

"ಏನು ನೀನೇ?" ಎಂದರು ಅಧ್ಯಕ್ಷೆ.

"ಅತ್ತಿಗೆ ನಾನೇ."

ಅಧ್ಯಕ್ಷೆ ಎರಡು ಹೆಜ್ಜೆ ಮುಂದೆ ಬಂದರು. "ನೀನಾ? ಒಂದ್ ದಿನಕ್ಕೂ ಬಾಯ್ ಬುಡದೇ ಇರೋಳು ನೀನು ನಮ್ಮತ್ತಿಗೆ ಥರ ಮಾತಾಡ್ದ್ಯಾ? ಎಲ್ಲಿ, ಒಂದ್ಸಲ ಮಾತಾಡು ನೋಡನ."

ನಾನು ನೆಲ ನೋಡಿಕೊಂಡು ಹೇಳಿದೆ: "ಏಳ್ಬ್ಯಾಡ ಕಣಮ್ಮಿ, ನಿಂಗೊಬ್ಬಳಿಗೇ ಏಳ್ತಾಯಿವ್ನಿ."

ಶೆಡ್ಡಿನ ತಗಡು ಹಾರುವ ಹಾಗೆ ನಗು. ಅತ್ತಿಗೆ ಮಾತ್ರ ಪಕ್ಕದವಳನ್ನು ಕೇಳುತ್ತಿದ್ದರು, "ನಾನ್ ಯಾವತ್ ಅಂಗಂದೆ?" ನಗು ಇಳಿಯುವ ಮೊದಲೇ ನಾನು ಪುಸ್ತಕ ತೆಗೆದೆ. ಮಾತಾಡಲು ಬಾರದಿದ್ದರೆ ಓದಬಹುದಲ್ಲ.

"ಆಟೋ ಕಳಿಸುವ ಟೂಲ್. ಇದನ್ನು ಬಳಸಿದರೆ ನಿಜವಾದ ಆಟೋ ನಿಜವಾದ ಮನೆಗೆ ಹೋಗುತ್ತದೆ. ಹಿಂದಕ್ಕೆ ಕರೆಯುವ ಟೂಲ್ ಬೇರೆ ಇಲ್ಲ. ಆದ್ದರಿಂದ ಮೊದಲು ಪಾತ್ರೆ ಹೋಗುವ ಮನೆಯವರ ನಂಬರಿಗೇ ಕೇಳು. ಆರ್ಡರ್ ಕೊಟ್ಟವರು ಒಬ್ಬರು, ಮನೆ ಇನ್ನೊಬ್ಬರದು ಆಗಿದ್ದರೆ, ಮನೆಯವರು ಹೂಂ ಎನ್ನುವವರೆಗೆ ನಿಲ್ಲು. ಕೇಳುವಾಗ ಎಷ್ಟು ಪಾತ್ರೆ, ಯಾವ ದಿನ ಎಂಬುದನ್ನಷ್ಟೇ ಹೇಳು. ಯಾವ ಕಾರ್ಯ ಎಂದು ನೀನಾಗಿ ಬಾಯಿ ಬಿಡಬೇಡ, ಕೆಲವು ಮನೆಗಳಲ್ಲಿ ಅದು ಇನ್ನೂ ಗುಟ್ಟಾಗಿರುತ್ತದೆ. ಉತ್ತರ ಬರದಿದ್ದರೆ ಕಳಿಸಬೇಡ, ಶೆಡ್ಡಿನವರಿಗೆ ತಿಳಿಸು. ಅಧ್ಯಕ್ಷರ ಮನೆಯೂ ಮನೆಯೇ. ಅಲ್ಲಿಗೂ ಇದೇ ನಿಯಮ."

ಓದಿ ಮುಗಿಸಿ, ತಲೆ ಎತ್ತದೆ, ಉಳಿದದ್ದನ್ನೂ ಹೇಳಿಬಿಟ್ಟೆ. "ಇದನ್ನ ಬುಧ್ವಾರವೇ ಬರೀಬೇಕಾಗಿತ್ತು. ಬರೀನಿಲ್ಲ. ಆಟ ಆಡ್ಕೊಂಡು ಕೂತಿದ್ದೆ. ನನ್ ಮಗಳದು ಏನೂ ತಪ್ಪಿಲ್ಲ. ಏಜೆಂಟ್‌ದೂ ಇಲ್ಲ. ಅದ್ಕೆ ನಾವು ಏನ್ ಏಳಿರ್ತೀವೋ ಅಷ್ಟೇ ಗೊತ್ತು."

ಅಷ್ಟು ಮಾತು ನಾನು ಒಟ್ಟಿಗೆ ಆಡಿದ್ದು ಜೀವಮಾನದಲ್ಲಿ ಅದೇ ಮೊದಲು. ಪುಸ್ತಕ ಮುಚ್ಚಿ ಕೂತುಬಿಟ್ಟೆ.

ಅಧ್ಯಕ್ಷೆ ಮುಚ್ಚಳವನ್ನು ಎತ್ತಿ ಪಕ್ಕಕ್ಕಿಟ್ಟರು. "ಬರ್ದದ್ದು ಚೆನ್ನಾಗದೆ. ಅದು ಓದ್ಕೊಂಡದಾ ಇಲ್ವಾ ನೋಡ್ಬುಡನ," ಎಂದು ಎಲ್ಲರಿಗೂ ಹೇಳಿದರು. ನಿಮ್ಮವ್ವ ಎಲ್ಲರ ನಂಬರನ್ನೂ ಆ ಹೊತ್ತಿಗೆ ಪರೀಕ್ಷೆಯದೆಂದು ಮಾಡಿದಳು. ಆಮೇಲೆ ನಡೆದದ್ದು ಜಾತ್ರೆ. ಇಡೀ ಶೆಡ್ಡಿನ ಹೆಂಗಸರು ಏಜೆಂಟನ್ನು ಬೀಳಿಸಲು ಟೊಂಕ ಕಟ್ಟಿ ನಿಂತರು. ಒಬ್ಬಳು ಓರಗಿತ್ತಿಯ ಆರ್ಡರ್ ರದ್ದು ಮಾಡು ಎಂದಳು; ಅವರ ನಂಬರಿನಿಂದ ಹೇಳಿಸಿ ಎಂದಿತು. ಒಬ್ಬಳು ಮೂರು ಮೂಟೆ ಎಂದಳು; ಎಷ್ಟು ಎಲೆ ಎಂದಿತು. ಇನ್ನೊಬ್ಬಳು ಅಧ್ಯಕ್ಷೆಯ ಮನೆಗೆ ಐದು ಕೊಪ್ಪರಿಗೆ ಎಂದಳು. ಆ ಕೂಡಲೇ ಅಧ್ಯಕ್ಷೆಯ ಕೈಯ ಫೋನು ಕುಂಯ್ ಎಂದು, ಐದು ಕೊಪ್ಪರಿಗೆ ಕಳಿಸಬಹುದೇ ಎಂದು ಕೇಳಿತು. ಅಧ್ಯಕ್ಷೆ "ಬ್ಯಾಡಪ್ಪಾ ಬ್ಯಾಡ, ಮನೇಲಿ ಅಕ್ಕಿ ಇಲ್ಲ!" ಎಂದು ಫೋನಿಗೇ ಕೈ ಮುಗಿದರು. ಒಂದು ಕಡೆ ಮಾತ್ರ ಎಡವಿತು. ಬಕೆಟ್ ಕೇಳಿದವಳಿಗೆ ತಪ್ಪಲೆ ಕೊಡುತ್ತೇನೆ ಎಂದಿತು. ನಾನು ಬಕೆಟ್ಟನ್ನು ಬರೆಯುವುದನ್ನೇ ಮರೆತಿದ್ದೆ. ಕೂತಲ್ಲೇ ಬರೆದುಕೊಂಡೆ.

ಕೊನೆಗೆ ಎಲ್ಲರೂ ಫೋನು ಕೆಳಗಿಟ್ಟರು. ನಿಮ್ಮವ್ವ ಮೂಲೆಯಲ್ಲಿ ನಿಂತೇ ಇದ್ದಳು. ಅಧ್ಯಕ್ಷೆ ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು, ಕನ್ನಡಕ ಏರಿಸಿ, ತಮ್ಮ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿದರು. ಒತ್ತುವಾಗ ಜೋರಾಗಿ ಓದಿಯೂ ಹೇಳಿದರು.

"ಈ ಹುಡ್ಗಿಯ ಕೆಲ್ಸದಲ್ಲಿ ಇಟ್ಕೋಬೇಕಾ, ಬ್ಯಾಡ್ವಾ?"

ಟೂಲಿಗೆ ಮೀರಿದ್ದನ್ನು ಯಾರಾದರೂ ಕೇಳಿದರೆ ಏನು ಮಾಡಬೇಕು ಎಂದು ಶುಕ್ರವಾರ ಪುಟದ ಅಡಿಯಲ್ಲಿ ಒಂದು ಸಾಲು ಬರೆದಿದ್ದೆ. ನಿಮ್ಮವ್ವ ಅದನ್ನು ಸೇರಿಸಿದ್ದಾಳೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಫೋನು ಕುಂಯ್ ಎಂದಿತು. ಅಧ್ಯಕ್ಷೆ ಓದಿದರು: "ಅದನ್ನು ತೀರ್ಮಾನಿಸುವ ಟೂಲ್ ನನ್ನ ಬಳಿ ಇಲ್ಲ. ದಯವಿಟ್ಟು ಸಂಘದ ಅಧ್ಯಕ್ಷರನ್ನು ಕೇಳಿ. ಅವರ ನಂಬರ್ ಬೇಕೇ?"

ಅಧ್ಯಕ್ಷೆ ಕನ್ನಡಕ ತೆಗೆದು ಸಭೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಈ ಶೆಡ್ಡಲ್ಲಿ ನನ್ನ ಕೇಳ್ಬೇಕು ಅಂತ ಗೊತ್ತಿರೋದು ಇದೊಂದಕ್ಕೇ ಕಣ್ರವ್ವ," ಎಂದು ಹೇಳಿ ಪೆನ್ನಿನ ಮುಚ್ಚಳ ತೆಗೆದು ನಿಮ್ಮವ್ವನ ಹೆಸರಿನ ಮುಂದೆ ಸಹಿ ಹಾಕಿದರು.

ಅವರ ಮಗಳ ಸಂಬಂಧ ಏನಾಯಿತು ಎಂದು ನನ್ನನ್ನು ಕೇಳಬೇಡಿ. ಅದು ಗುಟ್ಟು. ಹಿಟ್ಟಿನ ಮಿಲ್ಲಿಗೆ ಹೋದಾಗ ಯಾರನ್ನಾದರೂ ಕೇಳಿ.

ಮನೆಗೆ ಬರುವ ದಾರಿಯುದ್ದಕ್ಕೂ ನಿಮ್ಮವ್ವ ನನ್ನ ಬಲಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ನಡೆದಳು. ಎಷ್ಟು ವರ್ಷದ ಮೇಲೆ ಮಗಳು ಹೀಗೆ ಕೈ ಹಿಡಿದಳಲ್ಲ ಎಂದು ನನಗೆ ಕಣ್ಣು ತುಂಬಿ ಬಂತು. ಮನೆಯ ಬಾಗಿಲಲ್ಲಿ ಅವಳು ನಿಂತು, ಆ ಕೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅದರೊಳಗಿದ್ದ ನನ್ನ ಫೋನನ್ನು ತೆಗೆದುಕೊಂಡು ಒಳಗೆ ಹೋದಳು.